ಜಮೀನು, ಹಣ, ಕಾನೂನು ಮೂರನ್ನೂ ಕಲಿಸುವ ಎಂಬಿಎ: ಓದಿದರೆ ನಮ್ಮ ಕರಾವಳಿಯಲ್ಲಿ ಉಪಯೋಗ ಇದೆಯಾ?

ಗಜನಿಗದ್ದೆ, ಕುಮಟಾ · ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಬಿಕಾಂ ಮುಗಿಸಿ ಮೂರು ವರ್ಷ ಆಯಿತು. ಕುಮಟಾದಲ್ಲಿ ಒಬ್ಬರು ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ. ನಮ್ಮ ಮನೆ ಗೋಕರ್ಣ ರಸ್ತೆಯ ಕಡೆ. ಅಪ್ಪನ ಹೆಸರಲ್ಲಿ 2 ಎಕರೆ 10 ಗುಂಟೆ ಇದೆ. ಸ್ವಲ್ಪ ಗದ್ದೆ, ಉಳಿದದ್ದು ತೆಂಗು, ಗೇರು. ಹೋದ ತಿಂಗಳು ಬೆಂಗಳೂರಿನಿಂದ ಇಬ್ಬರು ಬಂದರು. ಜಾಗ ಮಾರುವುದೇ ಬೇಡ, ಜಂಟಿಯಾಗಿ ರೆಸಾರ್ಟ್ ಮಾಡೋಣ, ನಿಮಗೆ ಶೇಕಡಾ 30 ಅಂದರು. 34 ಪುಟದ ಇಂಗ್ಲಿಷ್ ಕರಡು ಕೊಟ್ಟು ಹೋದರು. ಅಪ್ಪ ಅದನ್ನು ದೇವರ ಮುಂದೆ ಇಟ್ಟಿದ್ದಾರೆ.

ನಾನು ಮೂರು ರಾತ್ರಿ ಕೂತು ಓದಿದೆ. ಪದ ಅರ್ಥ ಆಗುತ್ತದೆ, ಒಳಗಿನ ಲೆಕ್ಕ ಆಗುವುದಿಲ್ಲ. 30 ಅಂದರೆ ಯಾವುದರ 30? ನಮ್ಮ ಆಡಿಟರ್ ಸಾಹೇಬರು 'ತೆರಿಗೆ ಹೇಳಬಲ್ಲೆ, ಇದು ನನಗೂ ಹೊಸದು' ಅಂದರು. ವಕೀಲರು 'ಟೈಟಲ್ ನೋಡಿ ಕೊಡುತ್ತೇನೆ, ಲಾಭ ಬರುತ್ತದಾ ಇಲ್ಲವಾ ನನ್ನನ್ನು ಕೇಳಬೇಡಿ' ಅಂದರು. ಇಬ್ಬರೂ ಒಳ್ಳೆಯವರು, ಇಬ್ಬರೂ ನಿಜ ಹೇಳಿದರು. ಆದರೆ ಈ ಎರಡನ್ನೂ ಒಟ್ಟಿಗೆ ನೋಡುವವರು ನಮ್ಮ ಕಡೆ ಒಬ್ಬರೂ ಇಲ್ಲವಲ್ಲ ಅನ್ನುವುದು ಅವತ್ತಿನಿಂದ ತಲೆಯಲ್ಲಿ ಕೂತಿದೆ.

ಹುಡುಕಿದಾಗ ರಿಯಲ್ ಎಸ್ಟೇಟ್ ಹಣಕಾಸು, ಕಾನೂನು, ಡೆವಲಪ್‌ಮೆಂಟ್ ಸೇರಿಸಿ ಕಲಿಸುವ ಎಂಬಿಎ ಇದೆ ಅಂತ ಗೊತ್ತಾಯಿತು. ಊಟ, ಹಾಸ್ಟೆಲ್ ಎಲ್ಲ ಸೇರಿ ನನ್ನ ಅಂದಾಜು 14 ಲಕ್ಷ. ಓದಲಾ? ಓದಿ ಊರಿಗೇ ಬರಬೇಕು ಅನ್ನುವ ಆಸೆ. ಅದು ಸಾಧ್ಯವಾ?

ತದಡಿದಕ್ಕೆ · 9:20

ಎಂಬಿಎ ಬೇಡ ತಂಗಿ. ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಪತ್ರ ಬರೆಯುವವರ ಜೊತೆ ಆರು ತಿಂಗಳು ಕೂತುಕೋ. ಎಲ್ಲ ಬರುತ್ತದೆ.

ಹಳೇಸರಪಳಿ, ಅಂಕೋಲಾ · 9:41

ತದಡಿಯವರೇ, ಅರ್ಧ ಒಪ್ಪುತ್ತೇನೆ. 32 ವರ್ಷ ಸರ್ವೇ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಪತ್ರ ಬರೆಯುವವರಿಗೆ ಪತ್ರ ಗೊತ್ತು. ಪತ್ರದ ಹಿಂದಿರುವ ನೆಲ ಗೊತ್ತಿರುವುದಿಲ್ಲ.

ನಮ್ಮ ಜಿಲ್ಲೆಯ ಕಾಗದ ಬೇರೆ ಜಿಲ್ಲೆಯ ಹಾಗಲ್ಲ. 1862ರಲ್ಲಿ ನಮ್ಮನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಅದಕ್ಕೇ ನಮ್ಮ ಹಿರಿಯರು ಇವತ್ತಿಗೂ 'ಬಿನ್‌ಶೇತ್ಕಿ ಆಗಿದೆಯಾ' ಅಂತ ಕೇಳುತ್ತಾರೆ, ಈಗಿನವರು 'ಎನ್‌ಎ ಆಗಿದೆಯಾ' ಅನ್ನುತ್ತಾರೆ. ಎರಡೂ ಒಂದೇ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಬದಲಾಯಿಸುವುದು.

ತಂಗಿ, ನಿನ್ನನ್ನು ಮೂರು ಮಾತು ಕೇಳುತ್ತೇನೆ. ಈ ಜಾಗ ಅಜ್ಜನ ಕಾಲದಲ್ಲಿ ಗೇಣಿಯದ್ದಾಗಿತ್ತಾ? ಆಗಿದ್ದರೆ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಆದಮೇಲೆ ಅಜ್ಜ ಹಕ್ಕು ಕೇಳಿ ಫಾರ್ಮ್ 7 ಅರ್ಜಿ ಹಾಕಿರುತ್ತಾರೆ, ಭೂ ಟ್ರಿಬ್ಯೂನಲ್ ಆದೇಶ ಆಗಿರುತ್ತದೆ, ಫಾರ್ಮ್ 10 ಅನ್ನುವ ಹಕ್ಕುಪತ್ರ ಬಂದಿರುತ್ತದೆ. ಅದು ಅಜ್ಜನೊಬ್ಬರದ್ದಾ, ಒಟ್ಟು ಕುಟುಂಬದ್ದಾ ಅನ್ನುವುದರ ಮೇಲೆ ಎಷ್ಟೋ ಕೇಸು ನಡೆದಿವೆ. ಎರಡನೇದು, ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ, ಎಷ್ಟು? ಎ ಖರಾಬು ನಿಮ್ಮದು. ಬಿ ಖರಾಬು ಹಳ್ಳ, ದಾರಿ, ಸರ್ಕಾರದ್ದು. ಮೂರನೇದು, ಪೋಡಿ ಆಗಿದೆಯಾ? ಆಗದಿದ್ದರೆ ನಿಮ್ಮ ಪಾಲು ಕಾಗದದಲ್ಲಿದೆ, ನೆಲದ ಮೇಲೆ ಎಲ್ಲಿ ಅಂತ ಯಾರೂ ತೋರಿಸಲಾರರು.

ಇದು ಯಾವ ಎಂಬಿಎಯಲ್ಲೂ ಬರುವುದಿಲ್ಲ. ಆದರೂ ನೀನು ಓದು ಅನ್ನುತ್ತೇನೆ. ಯಾಕೆಂದರೆ ನನಗೆ ನೆಲ ಗೊತ್ತಿತ್ತು, ಹಣ ಗೊತ್ತಿರಲಿಲ್ಲ. ನನ್ನ ಕಣ್ಣೆದುರೇ ಎಷ್ಟೋ ಜನ ಅರ್ಧ ಬೆಲೆಗೆ ಕೊಟ್ಟು ಹೋದರು. ಗುರುತು ಕಲ್ಲು ಹಾಕಿ ಕೊಟ್ಟವನು ನಾನೇ. ಹೇಳಬೇಕಾದ ಮಾತು ಆಗ ನನ್ನ ಹತ್ತಿರ ಇರಲಿಲ್ಲ.

ಕಡಲತಡಿ, ಕಾರವಾರ · 9:44

ಸರ್, ಕೊನೆಯ ಸಾಲು ಓದಿ ಸುಮ್ನೆ ಕೂತೆ.

ಲಾಬೆಂಚು, ಶಿರಸಿ · 9:58

ಅಜ್ಜನ ಆಸ್ತಿ ಅಂದರೆ ಅತ್ತೆಯಂದಿರು ಇದ್ದಾರಾ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ಅಪ್ಪ ಬದುಕಿರಬೇಕಿತ್ತಾ ಅನ್ನುವ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರಿಸಿತು. ಬದುಕಿರಬೇಕಾಗಿಲ್ಲ. ಮುಂಬೈಯಲ್ಲೋ ಮತ್ತೆಲ್ಲೋ ಇರುವ ಅತ್ತೆಯ ಸಹಿ ಇಲ್ಲದೆ ಒಪ್ಪಂದ ಮಾಡಿದರೆ ಹತ್ತು ವರ್ಷ ಬಿಟ್ಟು ಅವರ ಮಕ್ಕಳು ಬರಬಹುದು. ಬಂದರೆ ತಪ್ಪು ಅವರದ್ದಲ್ಲ.

ಓದಿನ ವಿಷಯ. 14 ಲಕ್ಷ ಯಾಕೆ? ಶಿರಸಿಯಲ್ಲೇ ಲಾ ಕಾಲೇಜು ಇದೆ. ಬಿಕಾಂ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪದವಿ ಸಿಗುತ್ತದೆ. ಖರ್ಚು ಎಷ್ಟೋ ಕಡಿಮೆ. ಮನೆಯಿಂದಲೂ ದೂರ ಇಲ್ಲ.

ತದಡಿದಕ್ಕೆ · 10:03

ಕೆಲಸ ಮಾಡುತ್ತಲೇ ಅಂಚೆ ಮೂಲಕ ಎಲ್‌ಎಲ್‌ಬಿ ಮಾಡಬಹುದಲ್ಲ?

ಲಾಬೆಂಚು, ಶಿರಸಿ · 10:07

ಆಗುವುದಿಲ್ಲ ಅಣ್ಣ. ಅಂಚೆ ಎಲ್‌ಎಲ್‌ಬಿ ಇಟ್ಟುಕೊಂಡು ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲು ಬರುವುದಿಲ್ಲ. ತರಗತಿಗೆ ಹೋಗಲೇಬೇಕು, ಹಾಜರಿ ಶೇಕಡಾ 70 ಬೇಕು. ಅದರ ಜೊತೆ ಇನ್ನೊಂದು ರೆಗ್ಯುಲರ್ ಕೋರ್ಸೂ ಮಾಡುವಂತಿಲ್ಲ. ಯಾರಾದರೂ 'ಹಾಗೇ ಮಾಡಿಸಿ ಕೊಡುತ್ತೇವೆ' ಅಂದರೆ ನಂಬಬೇಡಿ.

ಪುಣೆಯಲ್ಲಿದ್ದೆ, ಹೊನ್ನಾವರ · 10:26

ಆ ತರಹದ ಎಂಬಿಎಯನ್ನೇ ಓದಿದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಪುಣೆಯಲ್ಲಿ ಓದಿದೆ. ನಾಲ್ಕು ವರ್ಷ ದೊಡ್ಡ ಬಿಲ್ಡರ್ ಹತ್ತಿರ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ.

ಅಲ್ಲಿ ಕಲಿಸುವುದು ಮುಖ್ಯವಾಗಿ ಒಂದೇ: ಹಣಕ್ಕೆ ಕಾಲ ಇದೆ. ಇವತ್ತಿನ 1 ಕೋಟಿ, ಎರಡು ವರ್ಷ ಬಿಟ್ಟು ಬರುವ 1 ಕೋಟಿ ಒಂದೇ ಅಲ್ಲ. ಕೇಳಲು ಸುಲಭ. ನಮ್ಮ ಕಡೆ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ನೋಡಿ, ಒಬ್ಬರು ಲೇಔಟಿಗೆ 1 ಕೋಟಿ ಹಾಕುತ್ತಾರೆ, ಒಂದೂವರೆ ಕೋಟಿ ಬರುತ್ತದೆ. 50 ಲಕ್ಷ ಲಾಭ ಅಂತ ಎಲ್ಲರೂ ಹೇಳುತ್ತಾರೆ. ಅದು ಎರಡು ವರ್ಷದಲ್ಲಿ ಬಂದರೆ ವರ್ಷಕ್ಕೆ ಶೇಕಡಾ 22.5 ಬಿದ್ದ ಹಾಗೆ. ನಾಲ್ಕು ವರ್ಷ ಹಿಡಿದರೆ 10.7 ಮಾತ್ರ. ಆ ಹಣ ಶೇಕಡಾ 14ರ ಬಡ್ಡಿಗೆ ತಂದದ್ದಾಗಿದ್ದರೆ? ಒಂದೂವರೆ ಕೋಟಿ ಕೈಗೆ ಬಂದರೂ ಸಾಲ ತೀರುವುದಿಲ್ಲ. ಎನ್‌ಎ ಆಗಲಿಲ್ಲ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ) ಅನುಮತಿ ಬರಲಿಲ್ಲ, ಮಳೆಗಾಲ ಬಂತು, ಆಳು ಸಿಗಲಿಲ್ಲ. ನಾಲ್ಕು ವರ್ಷ ಹೀಗೇ ಹೋಗುತ್ತದೆ. ಕಾನೂನು ಬೇರೆ, ಲೆಕ್ಕ ಬೇರೆ ಅಲ್ಲ ಅನ್ನುವುದು ನನಗೆ ಅಲ್ಲಿ ಅರ್ಥ ಆಯಿತು. ಒಂದು ಅನುಮತಿ ಎಷ್ಟು ತಿಂಗಳು ತಡ ಆಗುತ್ತದೆ ಅನ್ನುವುದೇ ಲೆಕ್ಕದಲ್ಲಿ ಒಂದು ಅಂಕಿ.

ಕಾನೂನಿನಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ, ರೇರಾ (ಮನೆ, ಸೈಟು ಯೋಜನೆಗಳ ನೋಂದಣಿ ಮತ್ತು ನಿಯಂತ್ರಣದ ಕಾಯ್ದೆ), ಭೂಸ್ವಾಧೀನ ಇವೆಲ್ಲ ಇದ್ದವು. ಆಮೇಲೆ ಬ್ಯಾಂಕ್ ಸಾಲ ಹೇಗೆ ನೋಡುತ್ತದೆ, ರೀಟ್ (ಬಾಡಿಗೆ ಬರುವ ಕಟ್ಟಡಗಳಲ್ಲಿ ಹಲವರು ಸೇರಿ ಹಣ ಹಾಕುವ ಟ್ರಸ್ಟ್) ಅಂದರೆ ಏನು ಅನ್ನುವುದು. ಸೆಬಿ 2014ರಲ್ಲಿ ರೀಟ್ ನಿಯಮ ತಂದರೂ ನಮ್ಮ ದೇಶದ ಮೊದಲ ರೀಟ್ ಷೇರುಪೇಟೆಗೆ ಬಂದದ್ದು 2019ರಲ್ಲಿ, ಬೆಂಗಳೂರಿನ ಎಂಬೆಸಿಯದ್ದು. ಕೊನೆಯ ವರ್ಷ ಒಂದು ನಿಜವಾದ ಜಾಗ ಕೊಟ್ಟು, ಇಲ್ಲಿ ಏನು ಕಟ್ಟಬಹುದು, ಯಾರು ಕೊಳ್ಳುತ್ತಾರೆ, ಹಣ ಯಾವ ತಿಂಗಳು ಎಷ್ಟು ಬೇಕು ಅಂತ ವರದಿ ಮಾಡಿಸಿದರು. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಈಗ ತಂಗಿಯ 30ಕ್ಕೆ ಬರುತ್ತೇನೆ. ಸುಮ್ನೆ ಒಂದು ಅಂದಾಜು ಇಟ್ಟುಕೊಳ್ಳೋಣ. 10 ರೂಮು, ದಿನಕ್ಕೆ 4,000 ರೂಪಾಯಿ, ವರ್ಷದ ಸರಾಸರಿ ಶೇಕಡಾ 40 ಭರ್ತಿ. ಮಳೆಗಾಲ ನಮ್ಮ ಕಡೆ ಖಾಲಿ, ಅದಕ್ಕೇ 40. ವರ್ಷಕ್ಕೆ 58.4 ಲಕ್ಷ ಬರುತ್ತದೆ. 30 ಅಂದರೆ ಬಂದ ಹಣದ 30 ಆದರೆ ನಿಮಗೆ ಸುಮಾರು 17.5 ಲಕ್ಷ. ಖರ್ಚು ಕಳೆದ ಮೇಲಿನ 30 ಆದರೆ? ಖರ್ಚು ಶೇಕಡಾ 65 ಹಿಡಿದರೆ ಉಳಿಯುವುದು 20.4 ಲಕ್ಷ, ನಿಮಗೆ 6 ಲಕ್ಷ ಚಿಲ್ಲರೆ. ಸಾಲದ ಬಡ್ಡಿ 15 ಲಕ್ಷ ಕಳೆದ ಮೇಲೆ ಅಂತ ಬರೆದಿದ್ದರೆ 1.6 ಲಕ್ಷ. ಒಂದೇ 30, ಮೂರು ಅರ್ಥ. ನಿಮ್ಮ ಕರಡಿನಲ್ಲಿ ಯಾವುದಿದೆ ನೋಡಿ.

ಗಜನಿಗದ್ದೆ, ಕುಮಟಾ · 10:39

ಅಣ್ಣ, ಈಗಷ್ಟೇ ತೆಗೆದು ನೋಡಿದೆ. 19ನೇ ಪುಟದಲ್ಲಿದೆ. ಖರ್ಚು, ನಿರ್ವಹಣಾ ಶುಲ್ಕ, ಸಾಲದ ಬಡ್ಡಿ ಎಲ್ಲ ಕಳೆದ ಮೇಲಿನ 30. ನಿರ್ವಹಣಾ ಶುಲ್ಕ ಅವರದ್ದೇ ಇನ್ನೊಂದು ಕಂಪನಿಗೆ ಹೋಗುತ್ತದೆ ಅಂತಲೂ ಬರೆದಿದೆ. ಅಪ್ಪನಿಗೆ ಹೇಳಿದೆ. ಏನೂ ಮಾತಾಡದೆ ಹೊರಗೆ ಹೋಗಿ ಚಾವಡಿಯಲ್ಲಿ ಕೂತಿದ್ದಾರೆ.

ಪುಣೆಯಲ್ಲಿದ್ದೆ, ಹೊನ್ನಾವರ · 10:44

ಅವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ತಮಗೆ ಅನುಕೂಲ ಆಗುವ ಹಾಗೆ ಬರೆದಿದ್ದಾರೆ, ಅಷ್ಟೇ. ನಿಮಗೆ ಅನುಕೂಲ ಆಗುವ ಹಾಗೆ ತಿದ್ದಿ ಕೊಡುವವರು ನಿಮ್ಮ ಕಡೆ ಕೂತಿರಲಿಲ್ಲ.

ಇನ್ನೊಂದು ನೋಡಿ. ನಿಮ್ಮ ಜಾಗವನ್ನು ಅಡ ಇಟ್ಟು ಅವರು ಸಾಲ ತೆಗೆಯಬಹುದು ಅಂತ ಎಲ್ಲಾದರೂ ಇದೆಯಾ? ರಿಸರ್ವ್ ಬ್ಯಾಂಕಿನ ನಿಯಮದಂತೆ ಖಾಸಗಿ ಬಿಲ್ಡರಿಗೆ ಜಾಗ ಕೊಳ್ಳುವುದಕ್ಕೆ ಬ್ಯಾಂಕು ಸಾಲ ಕೊಡುವಂತಿಲ್ಲ. ಅದಕ್ಕೇ ಎಲ್ಲರಿಗೂ ಜಂಟಿ ಅಭಿವೃದ್ಧಿ ಇಷ್ಟ. ಜಾಗಕ್ಕೆ ಹಣ ಹಾಕಬೇಕಾಗಿಲ್ಲ, ಕಟ್ಟುವುದಕ್ಕೆ ಸಾಲ ಸಿಗುತ್ತದೆ, ಅಡಕ್ಕೆ ನಿಮ್ಮ ಜಾಗ. ಕೆಲಸ ನಿಂತರೆ ಬ್ಯಾಂಕು ಬರುವುದು ನಿಮ್ಮ ಅಂಗಳಕ್ಕೆ.

ಯಾಣದದಾರಿ, ಶಿರಸಿ · 11:02

ನಾನು ಶಿರಸಿ, ಸಿದ್ದಾಪುರದ ಕಡೆ ಜಾಗದ ದಲ್ಲಾಳಿ ಕೆಲಸ ಮಾಡುತ್ತೇನೆ. ಇಷ್ಟೆಲ್ಲ ಓದು ದೊಡ್ಡ ಊರಿಗೆ ಸರಿ. ನಮ್ಮ ಕಡೆ ಹತ್ತು ಗುಂಟೆ, ಹದಿನೈದು ಗುಂಟೆಯ ಲೇಔಟು. ಅದಕ್ಕೆ ರೇರಾ ಗೀರಾ ಏನೂ ಬೇಡ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ.

ಲಾಬೆಂಚು, ಶಿರಸಿ · 11:10

ದಯವಿಟ್ಟು ಇದನ್ನು ಸರಿ ಮಾಡಿಕೊಳ್ಳಿ. ರೇರಾದಲ್ಲಿ ವಿನಾಯಿತಿ ಇರುವುದು 500 ಚದರ ಮೀಟರ್ ಒಳಗಿನ ಜಾಗಕ್ಕೆ, ಅಥವಾ ಎಂಟು ಮನೆಗಿಂತ ಜಾಸ್ತಿ ಇಲ್ಲದ ಕಟ್ಟಡಕ್ಕೆ. ಒಂದು ಗುಂಟೆ ಅಂದರೆ 101 ಚದರ ಮೀಟರ್. ಅಂದರೆ ಐದು ಗುಂಟೆ ತುಂಬುವ ಮೊದಲೇ 500 ಆಗಿಬಿಡುತ್ತದೆ. ಹತ್ತು ಗುಂಟೆಯ ಲೇಔಟಿನ ಸೈಟು ಮಾರಲು ನೋಂದಣಿ ಬೇಕೇ ಬೇಕು. ಇಲ್ಲದಿದ್ದರೆ ಯೋಜನೆಯ ಅಂದಾಜು ವೆಚ್ಚದ ಶೇಕಡಾ 10ರವರೆಗೆ ದಂಡ. ನೋಂದಣಿಯಾದ ಯೋಜನೆಯ ಸೈಟು ಮಾರಿಸಿಕೊಡುವ ಏಜೆಂಟರೂ ನೋಂದಣಿ ಮಾಡಿಸಬೇಕು. ನಿಮಗೂ ಅದು ಬೇಕಾಗುತ್ತದೆ.

ಯಾಣದದಾರಿ, ಶಿರಸಿ · 11:15

ಎಂಟು ಸೈಟಿನವರೆಗೆ ಬೇಡ ಅಂತ ಇಲ್ಲಿ ಎಲ್ಲರೂ ಹೇಳುತ್ತಾರಲ್ಲ?

ಲಾಬೆಂಚು, ಶಿರಸಿ · 11:18

ಎಂಟು ಅಂತ ಬರೆದಿರುವುದು ಅಪಾರ್ಟ್‌ಮೆಂಟಿಗೆ, ಸೈಟಿಗಲ್ಲ. ಎಲ್ಲರೂ ಹೇಳುವುದರಿಂದಲೇ ಈ ತಪ್ಪು ಉಳಿದಿದೆ.

ಯಾಣದದಾರಿ, ಶಿರಸಿ · 11:21

ಗೊತ್ತಿರಲಿಲ್ಲ. ನಾಳೆಯೇ ವಿಚಾರಿಸುತ್ತೇನೆ. ಧನ್ಯವಾದ.

ಮಾವಿನಗುಂಡಿ · 11:30

ರೆಸಾರ್ಟಿಗೂ ರೇರಾ ಬರುತ್ತದಾ?

ಲಾಬೆಂಚು, ಶಿರಸಿ · 11:33

ಅವರೇ ಕಟ್ಟಿ ಅವರೇ ನಡೆಸಿದರೆ ಇಲ್ಲ. ಕಾಟೇಜು ಒಂದೊಂದನ್ನೇ ಬೇರೆಯವರಿಗೆ ಮಾರಿದರೆ ಬರುತ್ತದೆ. ಆಗ ಕೊಂಡವರಿಂದ ಬಂದ ಹಣದ ಶೇಕಡಾ 70 ಬೇರೆ ಖಾತೆಯಲ್ಲಿ ಇಡಬೇಕು. ಆ ಜಾಗಕ್ಕೆ ಮತ್ತು ಆ ಕಟ್ಟಡಕ್ಕೆ ಮಾತ್ರ ಅದನ್ನು ಬಳಸಬೇಕು.

ಕಡಲತಡಿ, ಕಾರವಾರ · ಬೆಳಿಗ್ಗೆ 6:50

ರಾತ್ರಿಯೆಲ್ಲ ಚೆನ್ನಾಗಿ ನಡೆದಿದೆ. ಆದರೆ ಗೋಕರ್ಣದ ಕಡೆ ಅಂದಮೇಲೆ ಮೊದಲು ಕೇಳಬೇಕಾದದ್ದು ಸಿಆರ್‌ಝಡ್. 2019ರ ಹೊಸ ಅಧಿಸೂಚನೆ ಬಂದ ಮೇಲೆ ಕಡಲ ದಡದಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿ 200 ಮೀಟರ್ ಇದ್ದದ್ದು 50 ಮೀಟರ್ ಆಗಿದೆ. ಹಾಗಾಗಿ ಜಾಸ್ತಿ ಚಿಂತೆ ಬೇಡ.

ಗಂಗಾವಳಿ, ಅಂಕೋಲಾ · 7:15

ಎಲ್ಲರಿಗೂ 50 ಆಗಿಲ್ಲ. ಹಳ್ಳಿಗಳನ್ನು ಮೂರು-ಎ, ಮೂರು-ಬಿ ಅಂತ ಎರಡು ಮಾಡಿದ್ದಾರೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇದ್ದ ಹಳ್ಳಿಗೆ ಮಾತ್ರ 50 ಮೀಟರ್. ಅಷ್ಟು ದಟ್ಟಣೆ ಇಲ್ಲದ ಹಳ್ಳಿಗೆ ಭರತದ ಗೆರೆಯಿಂದ 200 ಮೀಟರ್ ಹಾಗೇ ಇದೆ. ನದಿ, ಅಳಿವೆ, ಉಪ್ಪುನೀರಿನ ಹಳ್ಳದ ದಡಕ್ಕೆ ಲೆಕ್ಕ ಬೇರೆ. ಅಲ್ಲಿ 50 ಮೀಟರ್ ಅಥವಾ ಹಳ್ಳದ ಅಗಲ, ಯಾವುದು ಕಡಿಮೆಯೋ ಅದು. ಕಾಂಡ್ಲಾ (ಮ್ಯಾಂಗ್ರೋವ್) ಇರುವ ಜಾಗ ಒಂದು-ಎ ವರ್ಗ. ಅದನ್ನು ಮುಟ್ಟುವ ಯೋಚನೆಯೇ ಬೇಡ.

ತಂಗಿ, ನೀನು ಇಲ್ಲಿ ಇಟ್ಟುಕೊಂಡ ಹೆಸರಲ್ಲಿ ಗಜನಿ (ಉಪ್ಪುನೀರಿನ ಗದ್ದೆ) ಅಂತ ಇದೆ. ಜಾಗ ಅಘನಾಶಿನಿ ಹಿನ್ನೀರಿಗೆ ತಾಗಿದೆಯಾ? ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ.

ಗಜನಿಗದ್ದೆ, ಕುಮಟಾ · 7:32

ಇಲ್ಲ ಅಕ್ಕ. ಗಜನಿ ಅಜ್ಜಿಯ ತವರಿನದ್ದು. ಅಲ್ಲಿ ಈಗಲೂ ಸ್ವಲ್ಪ ಕಗ್ಗ ಬೆಳೆಯುತ್ತಾರೆ. ನಮ್ಮ ಜಾಗ ಒಳಗಿದೆ, ಗುಡ್ಡದ ಬುಡದಲ್ಲಿ. ಕರಡಿನ ನಕ್ಷೆಯಲ್ಲಿ ಗುಡ್ಡ ಕಡಿದು ಪಾರ್ಕಿಂಗ್ ಅಂತ ಇದೆ.

ಮಾವಿನಗುಂಡಿ · 7:36

ಕಗ್ಗ ಅಕ್ಕಿ ಎಲ್ಲಿ ಸಿಗುತ್ತದೆ? ಗಂಜಿ ಉಂಡು ವರ್ಷಗಳಾದವು.

ತದಡಿದಕ್ಕೆ · 7:40

ಕೊಯ್ಲಿನ ಹೊತ್ತಿಗೆ ಈ ಕಡೆ ಬನ್ನಿ, ಕೊಡಿಸುತ್ತೇನೆ. ಉಪ್ಪುನೀರಲ್ಲಿ ನಿಂತು ಬೆಳೆಯುವ ಭತ್ತ, ರುಚಿಯೇ ಬೇರೆ.

ಗಂಗಾವಳಿ, ಅಂಕೋಲಾ · 7:58

ಗುಡ್ಡ ಕಡಿಯುವುದು ಅಂದಾಗ ನನಗೆ ಕೈ ನಡುಗುತ್ತದೆ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಇಳಿಯಿತು. ಚಹಾ ಅಂಗಡಿ ನಡೆಸುತ್ತಿದ್ದ ಮನೆಯವರೇ ಹೋದರು. ಮಣ್ಣು ನದಿಗೆ ಬಿದ್ದು ಆಚೆ ದಡದ ಉಳುವರೆ ಹಳ್ಳಿಗೂ ನೀರು ನುಗ್ಗಿತು. ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ.

ಪುಣೆಯವರೇ, ನಿಮ್ಮ ಲೆಕ್ಕದಲ್ಲಿ ಇದಕ್ಕೆ ಜಾಗ ಇದೆಯಾ? ಕೋಪದಿಂದ ಕೇಳುತ್ತಿಲ್ಲ. ಡೆವಲಪ್‌ಮೆಂಟ್ ಕಲಿಸುವ ಕಾಲೇಜಿನಲ್ಲಿ ಇಲ್ಲಿ ಕಟ್ಟಬೇಡಿ ಅನ್ನುವುದನ್ನೂ ಕಲಿಸುತ್ತಾರಾ?

ಪುಣೆಯಲ್ಲಿದ್ದೆ, ಹೊನ್ನಾವರ · 8:20

ಅಕ್ಕ, ಒಂದು ತರಗತಿಯಲ್ಲಿ ಅಪಾಯದ ಪಟ್ಟಿ ಅಂತ ಬಂತು. ಭೂಕುಸಿತ ಅದರಲ್ಲಿ ಒಂದು ಸಾಲು. ಅಷ್ಟೇ. ಸಾಲದು, ಒಪ್ಪುತ್ತೇನೆ.

ದೂರದೂರು, ಸಿದ್ದಾಪುರದವನು · 8:47

ನಾನು ಈಗ ಅಮೆರಿಕದಲ್ಲಿದ್ದೇನೆ, ವಿಸ್ಕಾನ್ಸಿನ್ ರಾಜ್ಯದಲ್ಲಿ. ಇಲ್ಲಿನ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಬಿಸಿನೆಸ್ ಶಾಲೆಯಲ್ಲಿ ರಿಯಲ್ ಎಸ್ಟೇಟ್ ಓದಿಗೆ ದೊಡ್ಡ ಹೆಸರು. ಅದಕ್ಕೆ ಕಾರಣ ಜೇಮ್ಸ್ ಗ್ರಾಸ್‌ಕಾಂಪ್ ಅನ್ನುವ ಮೇಷ್ಟ್ರು. ಹದಿಹರೆಯದಲ್ಲೇ ಪೋಲಿಯೊ ಬಂದು ಕೈಕಾಲಿನ ಶಕ್ತಿ ಹೋಗಿತ್ತು. ಗಾಲಿಕುರ್ಚಿಯಲ್ಲೇ ಕೂತು 1988ರಲ್ಲಿ ತೀರಿಹೋಗುವವರೆಗೂ ಪಾಠ ಮಾಡಿದರು. ಈಗ ಅಲ್ಲಿನ ಕೇಂದ್ರಕ್ಕೆ ಅವರದ್ದೇ ಹೆಸರು.

ಬೆಲೆ ಕಟ್ಟುವವರು ಮೊದಲಿನಿಂದ ಕೇಳುತ್ತಿದ್ದದ್ದು, ಈ ಜಾಗದಿಂದ ಎಲ್ಲಕ್ಕಿಂತ ಜಾಸ್ತಿ ಹಣ ಬರುವ ಉಪಯೋಗ ಯಾವುದು ಅಂತ. ಗ್ರಾಸ್‌ಕಾಂಪ್ ಕೇಳಿದ್ದು, ಈ ಜಾಗಕ್ಕೆ, ಸುತ್ತಲಿನ ಜನರಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಉಪಯೋಗ ಯಾವುದು ಅಂತ. ನೆಲ, ನೀರು, ಊರಿನವರು, ಹಣ ಹಾಕುವವರು, ಸರ್ಕಾರ, ಎಲ್ಲರಿಗೂ ತಡೆಯುವಂಥದ್ದೇ ನಿಜವಾಗಿ ನಡೆಯುವ ಯೋಜನೆ ಅನ್ನುವುದು ಅವರ ಪಾಠ. ಗಂಗಾವಳಿ ಅಕ್ಕನ ಪ್ರಶ್ನೆಗೆ ಈ ಓದಿನ ಒಳಗೇ ಉತ್ತರ ಇದೆ. ಎಲ್ಲ ಕಡೆ ಕಲಿಸುತ್ತಾರೆ ಅಂತ ಹೇಳಲಾರೆ.

ಗಂಗಾವಳಿ, ಅಂಕೋಲಾ · 8:55

ಧನ್ಯವಾದ ತಮಾ. ಈ ಪ್ರಶ್ನೆ ನಮ್ಮ ಬೆಟ್ಟಕ್ಕೂ ಹೊಂದುತ್ತದೆ.

ಹಳೇಸರಪಳಿ, ಅಂಕೋಲಾ · 9:10

ಬೆಟ್ಟದ ಮಾತು ಬಂತು, ಘಟ್ಟದ ಮೇಲಿನವರಿಗೆ ಒಂದು ಎಚ್ಚರಿಕೆ. ಅಡಿಕೆ ತೋಟಕ್ಕೆ ಬಿಟ್ಟ ಸೊಪ್ಪಿನ ಬೆಟ್ಟ ನಿಮ್ಮ ಸ್ವಂತದ್ದಲ್ಲ. ಸೊಪ್ಪು, ದರಕು, ಕಟ್ಟಿಗೆ ತರುವ ಸವಲತ್ತು ಮಾತ್ರ ಇರುವುದು. ಅದನ್ನೂ ಸೇರಿಸಿ 'ಇಷ್ಟು ಎಕರೆ ಜಾಗ ಮಾರಾಟಕ್ಕಿದೆ, ಹೋಂಸ್ಟೇಗೆ ಒಳ್ಳೆಯದು' ಅಂತ ಜಾಹೀರಾತು ಹಾಕುತ್ತಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಊರು ಗೊತ್ತಿಲ್ಲದವರು ಬಂದು ಬೆಟ್ಟಕ್ಕೂ ಹಣ ಕೊಟ್ಟು ಹೋಗುತ್ತಿದ್ದಾರೆ.

ಯಾಣದದಾರಿ, ಶಿರಸಿ · 9:14

ಇದು ನೂರಕ್ಕೆ ನೂರು ನಿಜ. ನಾನು ಇಂಥ ಜಾಗ ತೋರಿಸುವುದನ್ನು ಬಿಟ್ಟಿದ್ದೇನೆ.

ಕಾಳಿಬದಿ, ಕಾರವಾರ · 10:05

ನನ್ನ ಮನೆಯ ಕಥೆ ಹೇಳುತ್ತೇನೆ. ಓದಬೇಕಾ ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಬಹಳ ಹಿಂದೆ ಒಂದು ದೊಡ್ಡ ಯೋಜನೆಗೆ ನಮ್ಮ ಅಜ್ಜನ ಗದ್ದೆ, ಮನೆ ಹೋಯಿತು. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಬೆಲೆ ಹೇಗೆ ಕಟ್ಟಿದರು ಗೊತ್ತಾ? ಅಕ್ಕಪಕ್ಕದ ಜಾಗ ಯಾವ ಬೆಲೆಗೆ ನೋಂದಣಿ ಆಗಿದೆ ಅಂತ ನೋಡಿ. ನಮ್ಮೂರಿನಲ್ಲಿ ಎಲ್ಲರೂ ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬರೆಸುತ್ತಿದ್ದರು. ಹತ್ತು ಸಾವಿರದ್ದು ಎರಡು ಸಾವಿರ. ಆ ಎರಡು ಸಾವಿರವೇ ನಮ್ಮ ಬೆಲೆ ಆಯಿತು. ಕೋರ್ಟಿಗೆ ಹೋದೆವು. ಹೆಚ್ಚುವರಿ ಪರಿಹಾರ ಬರುವ ಹೊತ್ತಿಗೆ ಅಜ್ಜ ಇರಲಿಲ್ಲ.

ಈಗ 2013ರ ಕಾಯ್ದೆ ಇದೆ, ಜಾರಿಗೆ ಬಂದದ್ದು 2014ರ ಜನವರಿ 1ರಿಂದ. ಮೊದಲು ಸೊಲೇಷಿಯಂ (ಬೆಲೆಯ ಮೇಲೆ ಹೆಚ್ಚುವರಿಯಾಗಿ ಕೊಡುವ ಹಣ) ಶೇಕಡಾ 30 ಇತ್ತು, ಈಗ 100. ಹಳ್ಳಿಯ ಜಾಗಕ್ಕೆ ಮಾರುಕಟ್ಟೆ ಬೆಲೆಯನ್ನು ಎರಡರವರೆಗೆ ಗುಣಿಸಬಹುದು. ಆದರೆ ಗುಣಿಸುವುದು ಯಾವುದನ್ನು? ಮಾರ್ಗಸೂಚಿ ದರ, ಇಲ್ಲವೇ ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಜಾಸ್ತಿ ಬೆಲೆ ಇರುವ ಅರ್ಧದಷ್ಟು ಪತ್ರಗಳ ಸರಾಸರಿ, ಯಾವುದು ಜಾಸ್ತಿಯೋ ಅದನ್ನು. ಪತ್ರದಲ್ಲಿ ಕಡಿಮೆ ಬರೆಸುವವರು ಅಕ್ಕಪಕ್ಕದವರ ಬೆಲೆಯನ್ನೂ ಇಳಿಸುತ್ತಾರೆ. ಇದನ್ನು ನಮ್ಮ ಅಜ್ಜನಿಗೆ ಯಾರಾದರೂ ಒಬ್ಬರು, ಒಂದು ದಿನ, ಕೂರಿಸಿ ಹೇಳಿದ್ದರೆ?

ತಂಗಿ, ನೀನು ಓದು. ನಮ್ಮ ಜಿಲ್ಲೆಯಲ್ಲಿ ನೌಕಾನೆಲೆ, ಕೈಗಾ, ಅಣೆಕಟ್ಟು, ರೈಲು, ಹೆದ್ದಾರಿ ಅಂತ ಜಾಗ ಹೋಗದ ಊರೇ ಕಡಿಮೆ. ನಾಳೆಯೂ ಹೋಗುತ್ತದೆ. ಬೆಲೆ ಕಟ್ಟಲು ಬಂದವರ ಎದುರು ನಮ್ಮ ಕಡೆಯಿಂದ ಒಬ್ಬರು ಲೆಕ್ಕ ಹಿಡಿದು ಕೂರಬೇಕು.

ಮಾವಿನಗುಂಡಿ · 10:12

ಎಂಬಿಎ ಆದರೆ ಸರ್ಕಾರಿ ಮಾನ್ಯತೆಯ ವ್ಯಾಲ್ಯುವರ್ ಆಗಬಹುದಲ್ವಾ? ಅದೊಂದು ಒಳ್ಳೆಯ ದಾರಿ.

ಇಟ್ಟಿಗೆಗಾರೆ, ಭಟ್ಕಳ · 10:31

ನಾನು ಸಿವಿಲ್ ಇಂಜಿನಿಯರ್. ಕಂಪನಿ ಕಾಯ್ದೆಯ ನೋಂದಾಯಿತ ವ್ಯಾಲ್ಯುವರ್ ಆಗಲು ನೋಡಿದ್ದೇನೆ. ಜಾಗ ಮತ್ತು ಕಟ್ಟಡದ ವಿಭಾಗಕ್ಕೆ ಸಿವಿಲ್, ಆರ್ಕಿಟೆಕ್ಚರ್, ಟೌನ್ ಪ್ಲಾನಿಂಗ್ ಪದವಿ ಬೇಕು. ಇಲ್ಲವೇ ಜಾಗದ ಮೌಲ್ಯಮಾಪನದಲ್ಲೇ ಸ್ನಾತಕೋತ್ತರ ಪದವಿ. ಜೊತೆಗೆ ಕೆಲಸದ ಅನುಭವ, ಮೇಲೆ ಪರೀಕ್ಷೆ. ಬಿಕಾಂ, ಎಂಬಿಎ ಅಂತ ನೇರ ಆಗುವುದಿಲ್ಲ. ಕಾಲೇಜಿನವರು ಆಗುತ್ತದೆ ಅಂದರೆ ಬರೆದು ಕೊಡಿ ಅಂತ ಕೇಳಿ.

ಪುಣೆಯಲ್ಲಿದ್ದೆ, ಹೊನ್ನಾವರ · 10:40

ಸರಿಯಾದ ಮಾತು. ನನಗೂ ಸೇರುವಾಗ ಒಬ್ಬರು ಹಾಗೇ ಹೇಳಿದ್ದರು. ಬಿಕಾಂನವರಿಗೆ ಅನುಕೂಲ ಆಗುವುದು ಹಣಕಾಸಿನ ಕೆಲಸ: ಯೋಜನೆಯ ವರದಿ, ಗೃಹಸಾಲ ಕಂಪನಿ, ಬ್ಯಾಂಕಿನ ಯೋಜನಾ ಸಾಲದ ವಿಭಾಗ.

ಕಾಲೇಜಿನ ಬಗ್ಗೆ ಹೇಳಬೇಕು ಅಂದರೆ, ನೋಯ್ಡಾದ ಅಮಿಟಿಯಲ್ಲಿ ರಿಕ್ಸ್ ಶಾಲೆ ಇದೆ. ಅಲ್ಲಿ ರಿಯಲ್ ಎಸ್ಟೇಟ್ ಮತ್ತು ನಗರ ಮೂಲಸೌಕರ್ಯದ ಎಂಬಿಎ ಇದೆ. ಪುಣೆಯ ನಿಕ್ಮಾರ್ ನಿರ್ಮಾಣ ನಿರ್ವಹಣೆಗೆ ಹೆಸರಾದದ್ದು. ಸೇರುವ ಮೊದಲು ಎರಡು ಕೇಳು: ಬಿಕಾಂನವರಿಗೆ ಯಾವ ಕೋರ್ಸ್ ತೆರೆದಿದೆ, ಮತ್ತು ಹಿಂದಿನ ಬ್ಯಾಚಿನ ಬಿಕಾಂನವರು ಈಗ ಎಲ್ಲಿದ್ದಾರೆ. ಸಾಧ್ಯ ಆದರೆ ಅವರಲ್ಲೇ ಒಬ್ಬರ ಜೊತೆ ಮಾತಾಡು.

ಇನ್ನೊಂದು ದಾರಿಯೂ ಇದೆ. ಪಿಜಿಸಿಇಟಿ ಬರೆದು ನಮ್ಮ ರಾಜ್ಯದಲ್ಲೇ ಕಡಿಮೆ ಖರ್ಚಿನ ಫೈನಾನ್ಸ್ ಎಂಬಿಎ ಮಾಡಿ, ಪ್ರಾಜೆಕ್ಟ್ ಮಾತ್ರ ಜಾಗದ ವಿಷಯದ ಮೇಲೆ ತೆಗೆದುಕೊಳ್ಳಬಹುದು. ಸಮಯದ ಲೆಕ್ಕ ಎಲ್ಲ ಕಡೆ ಒಂದೇ. ಕಾನೂನನ್ನು ಲಾಬೆಂಚು ಅವರಂಥವರ ಹತ್ತಿರ ಕಲಿಯಬಹುದು.

ಗಜನಿಗದ್ದೆ, ಕುಮಟಾ · 10:58

ಸಾಲದ ವಿಷಯ ಯಾರಾದರೂ ಹೇಳುತ್ತೀರಾ? 14 ಲಕ್ಷಕ್ಕೆ ಜಾಗ ಅಡ ಇಡಬೇಕಾಗುತ್ತದಾ?

ಇಟ್ಟಿಗೆಗಾರೆ, ಭಟ್ಕಳ · 11:06

ಶೈಕ್ಷಣಿಕ ಸಾಲ 7.5 ಲಕ್ಷದವರೆಗೆ ಸಾಮಾನ್ಯವಾಗಿ ಅಡ ಕೇಳುವುದಿಲ್ಲ. ಮೇಲೆ ಹೋದರೆ ಕೇಳುತ್ತಾರೆ. ನನ್ನ ತಮ್ಮನಿಗೆ ನಮ್ಮ ಬ್ಯಾಂಕು ಕೃಷಿ ಜಮೀನು ಬೇಡ, ಎನ್‌ಎ ಆದ ಮನೆಯಿದ್ದರೆ ತನ್ನಿ ಅಂದಿತು. ಆರು ವಾರ ಓಡಾಡಿದೆವು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಎರಡು ಮೂರು ಬ್ಯಾಂಕಿಗೆ ಒಟ್ಟಿಗೇ ಅರ್ಜಿ ಹಾಕು. ಒಂದನ್ನೇ ನಂಬಿ ಕೂರಬೇಡ.

ಕಡಲತಡಿ, ಕಾರವಾರ · 11:11

ಗಂಗಾವಳಿಯವರೇ, ಬೆಳಿಗ್ಗೆ ನಾನು ಬರೆದ 50 ಮೀಟರ್ ತಪ್ಪು. ತಿದ್ದಿದ್ದಕ್ಕೆ ಧನ್ಯವಾದ. ನಮ್ಮ ಊರಿನ ಪಂಚಾಯತಿಯಲ್ಲೂ ಎಲ್ಲರೂ 50 ಅಂತಲೇ ನಂಬಿದ್ದೇವೆ. ಇವತ್ತೇ ಹೇಳುತ್ತೇನೆ.

ತದಡಿದಕ್ಕೆ · 12:30

ನಾನು ಮೊದಲು ಬರೆದದ್ದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಆರು ತಿಂಗಳು ಪತ್ರ ಬರೆಯುವವರ ಹತ್ತಿರವೂ ಕೂತುಕೋ, ಆಮೇಲೆ ಓದಲು ಹೋಗು. ಎರಡೂ ಬೇಕು.

ಗಜನಿಗದ್ದೆ, ಕುಮಟಾ · ಸಂಜೆ 6:18

ಎಲ್ಲರ ಉತ್ತರವನ್ನೂ ಅಪ್ಪನಿಗೆ ಓದಿ ಹೇಳಿದೆ. ಕಾಳಿಬದಿ ಅಣ್ಣ ಬರೆದದ್ದನ್ನು ಎರಡು ಸಲ ಓದಿಸಿದರು. ಬೆಂಗಳೂರಿನವರಿಗೆ ಫೋನ್ ಮಾಡಿ ಸಹಿ ಈಗ ಇಲ್ಲ, ನಮ್ಮ ತಿದ್ದುಪಡಿ ಕಳಿಸುತ್ತೇವೆ ಅಂದೆ. ಆಗಲಿ ಅಂದಿದ್ದಾರೆ. ಗುಡ್ಡ ಕಡಿಯುವುದು ಬೇಡವೇ ಬೇಡ ಅಂತ ಅಮ್ಮ ಹೇಳಿದ್ದಾರೆ. ಮುಂಬೈಯ ದೊಡ್ಡತ್ತೆಗೂ ಇವತ್ತೇ ಮಾತಾಡಿದೆ. ಹಕ್ಕು ಬೇಕು ಅಂತ ಕೇಳಲಿಲ್ಲ, ಹೇಳಿದ್ದಕ್ಕೆ ಅತ್ತರು.

ಓದುತ್ತೇನೆ. ಪಿಜಿಸಿಇಟಿಯನ್ನೂ ಬರೆಯುತ್ತೇನೆ, ನೋಯ್ಡಾಕ್ಕೂ ವಿಚಾರಿಸುತ್ತೇನೆ. ಅಲ್ಲಿಯವರೆಗೆ ಶನಿವಾರ ಶನಿವಾರ ಪತ್ರ ಬರೆಯುವ ಒಬ್ಬರ ಹತ್ತಿರ ಕೂರಲು ಒಪ್ಪಿಗೆ ತೆಗೆದುಕೊಂಡಿದ್ದೇನೆ.

ಹಳೇಸರಪಳಿ ಅಜ್ಜ, ನೀವು ಕೇಳಿದ್ದು ನೋಡಿದೆ. ಫಾರ್ಮ್ 10 ಸಿಕ್ಕಿದೆ, ಅಜ್ಜನ ಹೆಸರಲ್ಲಿದೆ. ಪಹಣಿಯಲ್ಲಿ 2 ಎಕರೆ 10 ಗುಂಟೆ, ಅದರಲ್ಲಿ ಬಿ ಖರಾಬು 11 ಗುಂಟೆ. ಕರಡಿನಲ್ಲಿ ಪೂರ್ತಿ 2 ಎಕರೆ 10 ಗುಂಟೆಯನ್ನೂ ನಮ್ಮದು ಅಂತ ಬರೆದು ಅಪ್ಪನ ಸಹಿಗೆ ಜಾಗ ಬಿಟ್ಟಿದ್ದಾರೆ. ಪೋಡಿ ಆಗಿಲ್ಲ.

ಹಳೇಸರಪಳಿ, ಅಂಕೋಲಾ · 6:40

ಆ 11 ಗುಂಟೆ ಹಳ್ಳವಾ, ದಾರಿಯಾ ನೋಡಬೇಕು. ಆಕಾರಬಂದ್, ಟಿಪ್ಪಣಿ ಅನ್ನುವ ಎರಡು ಸರ್ವೇ ದಾಖಲೆಗೂ ಸೋಮವಾರ ಅರ್ಜಿ ಹಾಕು. ಪ್ರತಿ ಕೈಗೆ ಬಂದ ದಿನ ಹೇಳು, ನಾನೇ ಬಂದು ಅಪ್ಪನ ಜೊತೆ ಒಂದು ಸಲ ಗಡಿ ಸುತ್ತಿ ಬರುತ್ತೇನೆ.

ಪುಣೆಯಲ್ಲಿದ್ದೆ, ಹೊನ್ನಾವರ · 6:43

ಆ ದಿನ ನಾನೂ ಬರುತ್ತೇನೆ. 19ನೇ ಪುಟ ಅಲ್ಲೇ ಕೂತು ತಿದ್ದೋಣ.